ಹಿಮವಿಲ್ಲದ ನಾಡಿನಿಂದ ಹಿಮದ ಓಟಕ್ಕೆ



ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹಿಮ ಬೀಳುವುದಿಲ್ಲ. ಹಾಗಾದರೆ ಸ್ಕೀಯಿಂಗ್ ನಮ್ಮ ಆಟವಲ್ಲವೇ? ವಿಚಾರ ಮಾಡೋಣ.

ಅಮೆರಿಕದಲ್ಲಿ ರಾಷ್ಟ್ರೀಯ ಕಾಲೇಜು ಸ್ಕೀ ಚಾಂಪಿಯನ್‌ಷಿಪ್ ಆರಂಭವಾದದ್ದು 1954ರಲ್ಲಿ. 1983ರಿಂದ ಅಲ್ಲಿ ಯುವಕ, ಯುವತಿಯರ ಅಂಕಗಳನ್ನು ಕೂಡಿಸಿಯೇ ಗೆದ್ದ ಕಾಲೇಜನ್ನು ನಿರ್ಧರಿಸಲಾಗುತ್ತದೆ. ಸ್ಪರ್ಧೆಗಳು ಎರಡು ಬಗೆ. ಕಡಿದಾದ ಇಳಿಜಾರಿನಲ್ಲಿ, ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಜಾರುವುದು ಆಲ್ಪೈನ್. ಏರು-ತಗ್ಗಿನ ಹಾದಿಯಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗುವುದು ನಾರ್ಡಿಕ್.

ಜಾರುವ ಹಲಗೆಯ ಮೇಲೆ ನಿಂತು ಏರು ಹತ್ತುವುದು ಹೇಗೆ? ನಾರ್ಡಿಕ್‌ನ ಸಾಂಪ್ರದಾಯಿಕ ಶೈಲಿಯಲ್ಲಿ ಬಳಸುವ ಹಲಗೆಯ ನಡುಭಾಗ ಬಿಲ್ಲಿನಂತೆ ತುಸು ಮೇಲಕ್ಕೆ ಬಾಗಿರುತ್ತದೆ. ಅದರ ಅಡಿಗೆ ಅಂಟುವ ಮೇಣ ಬಳಿಯುತ್ತಾರೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ಒತ್ತಿದಾಗ ಆ ಮೇಣ ಹಿಮವನ್ನು ಕಚ್ಚಿ ಹಿಡಿಯುತ್ತದೆ. ದೇಹ ಮುಂದಕ್ಕೆ ಚಿಮ್ಮುತ್ತದೆ. ಒತ್ತಡ ತಗ್ಗಿದೊಡನೆ ನಡುಭಾಗ ಮೇಲೆದ್ದು ಹಲಗೆ ಸರಾಗವಾಗಿ ಜಾರುತ್ತದೆ.

ಈ ಓಟಕ್ಕೆ ಮುಖ್ಯವಾಗಿ ಬೇಕಾದದ್ದು ದಮ್ಮು ಮತ್ತು ಕಾಲಿನ ಕಸುವು. ಇವೆರಡನ್ನೂ ಹಿಮವಿಲ್ಲದೆಯೂ ಗಳಿಸಬಹುದು. ಗಾಲಿ ಜೋಡಿಸಿದ ರೋಲರ್ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲೇ ಅಭ್ಯಾಸ ಮಾಡುವವರಿದ್ದಾರೆ. ಹಿಮದ ಮೇಲಿನ ಸಮತೋಲವನ್ನು ಮಾತ್ರ ಗುಲ್ಮಾರ್ಗ್, ಔಲಿಯಂಥ ಕಡೆಗಳಲ್ಲೇ ಕಲಿಯಬೇಕು.

ನಮ್ಮ ಕೊಡಗಿನ ತೆಕ್ಕಡ ಭವಾನಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಚಿನ್ನ ಗೆದ್ದವರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ನಾರ್ಡಿಕ್ ಓಟದಲ್ಲಿ ಕಂಚಿನ ಪದಕ ಪಡೆದರು. ಕೊಡಗಿನಲ್ಲಿಯೂ ಹಿಮ ಬೀಳುವುದಿಲ್ಲ!

ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಬೆಳಗಿನ ಜಾವ ಓಡುವ ಗೆಳೆಯರೇ, ಆ ಹಾದಿಯ ಮೊದಲ ಹೆಜ್ಜೆ ನಿಮ್ಮ ಓಟವೂ ಆಗಬಹುದಲ್ಲವೇ?