ಗೂಟದ ಕಾರು ಹೋಯಿತು, ದೀಪ ಉಳಿಯಿತು: ಖಾಲಿ ಆಂಬುಲೆನ್ಸ್‌ಗೂ ದಾರಿ ಬಿಡಬೇಕೇ?

ಆಂಬುಲೆನ್ಸ್ ದೀಪದ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಮಾತುಗಳು ಒಂದೆರಡಲ್ಲ. “ಒಳಗೆ ರೋಗಿ ಇಲ್ಲದಿದ್ದರೂ ಸೈರನ್ ಹಾಕಿಕೊಂಡು ಹೋಗುತ್ತಾರೆ, ದಾರಿ ಬಿಡಬೇಡಿ” ಎನ್ನುವುದು ಒಂದು. “ಕೆಂಪು ದೀಪ ಇದ್ದರೆ ರೋಗಿ ಗಂಭೀರ, ನೀಲಿ ಇದ್ದರೆ ಹೆಣ” ಎನ್ನುವುದು ಇನ್ನೊಂದು. “ನಮ್ಮ ಕಾರಲ್ಲೇ ರೋಗಿ ಇದ್ದರೆ ನಾವೂ ಕೆಂಪು ದೀಪ ಹಾಕಬಹುದು” ಎನ್ನುವುದು ಮತ್ತೊಂದು. ಇವುಗಳಲ್ಲಿ ನಿಜ ಎಷ್ಟು, ಕಾನೂನು ಏನು ಹೇಳುತ್ತದೆ, ಆ ದೀಪ ಮಿನುಗುವುದಾದರೂ ಏಕೆ ಎಂದು ನೋಡೋಣ.

ಚಿಕ್ಕ ಉತ್ತರ ಇಷ್ಟು: ದೀಪ ಮಿನುಗಿಸಿ ಸೈರನ್ ಹಾಕಿಕೊಂಡು ಬರುವ ಆಂಬುಲೆನ್ಸ್ ಖಾಲಿ ಇರಲಿ, ತುಂಬಿರಲಿ, ದಾರಿ ಬಿಡಲೇಬೇಕು. ದೀಪದ ಬಣ್ಣಕ್ಕೂ ರೋಗಿಯ ಸ್ಥಿತಿಗೂ ಸಂಬಂಧವಿಲ್ಲ. ಸ್ವಂತ ವಾಹನಕ್ಕೆ ಆ ದೀಪ ಹಾಕುವ ಹಕ್ಕು ಯಾರಿಗೂ ಇಲ್ಲ.

ಖಾಲಿ ಹೋಗುವ ಆಂಬುಲೆನ್ಸ್ ಎಲ್ಲಿಗೆ ಹೋಗುತ್ತಿದೆ?

ಪಾಂಡವಪುರ ತಾಲ್ಲೂಕಿನ ತೊಣ್ಣೂರನ್ನೇ ತೆಗೆದುಕೊಳ್ಳಿ. ಊರಲ್ಲಿ ಯಾರಿಗೋ ಎದೆನೋವು ಬಂತು, ಮನೆಯವರು 108ಕ್ಕೆ ಫೋನ್ ಮಾಡಿದರು ಎಂದುಕೊಳ್ಳಿ. ಆಂಬುಲೆನ್ಸ್ ತಾನು ನಿಂತಿರುವ ಜಾಗದಿಂದ ತೊಣ್ಣೂರಿಗೆ ಬರಬೇಕು. ಆಗ ಅದು ಖಾಲಿಯೇ ಇರುತ್ತದೆ. ರೋಗಿಯನ್ನು ಹತ್ತಿಸಿಕೊಂಡ ಮೇಲೆ ಪಾಂಡವಪುರದ ಆಸ್ಪತ್ರೆಗೋ, ಅಲ್ಲಿಂದ ಮುಂದಕ್ಕೆ ಮಂಡ್ಯದ ಮಿಮ್ಸ್‌ಗೋ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬೇಕು. ಪ್ರತಿ ತುರ್ತು ಪ್ರಯಾಣಕ್ಕೂ ಹೀಗೆ ಎರಡು ಭಾಗ. ಮೊದಲ ಭಾಗದಲ್ಲಿ ಗಾಡಿ ಖಾಲಿ. ಆದರೆ ಕಾಯುತ್ತಿರುವ ರೋಗಿಗೆ ಆ ಹೊತ್ತಿನಲ್ಲಿ ಯಾವ ಚಿಕಿತ್ಸೆಯೂ ಸಿಕ್ಕಿರುವುದಿಲ್ಲ. ಹಾಗೆ ನೋಡಿದರೆ ಖಾಲಿ ಬರುವ ಆಂಬುಲೆನ್ಸ್‌ಗೇ ಅವಸರ ಹೆಚ್ಚು.

ಹೃದಯ ನಿಂತರೆ ನಾಲ್ಕರಿಂದ ಆರು ನಿಮಿಷದೊಳಗೆ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆದರೆ ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಮಿದುಳಿನ ಸ್ಕ್ಯಾನ್ ಆಗಿ ವೈದ್ಯರು ನಿರ್ಧಾರ ಮಾಡುವುದೂ ಅದರೊಳಗೇ ಆಗಬೇಕು. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಸೇವೆ 2008ರ ನವೆಂಬರ್ 1ರಂದು ಶುರುವಾಗಿದ್ದು ಈ ಸಮಯ ಉಳಿಸುವುದಕ್ಕಾಗಿಯೇ.

ಹಾಗಾದರೆ ಸೈರನ್ ದುರುಪಯೋಗ ಆಗುವುದೇ ಇಲ್ಲವೇ? ಆಗಬಹುದು. ಆದರೆ ಹೊರಗಿನಿಂದ ನೋಡಿ ಅದನ್ನು ತೀರ್ಮಾನಿಸಲು ನಮಗೆ ದಾರಿಯಿಲ್ಲ. ಅನುಮಾನ ಬಂದರೆ ದಾರಿ ಬಿಟ್ಟು, ನಂಬರ್ ಗುರುತು ಮಾಡಿಕೊಂಡು ಪೊಲೀಸರಿಗೋ ಆರ್‌ಟಿಒಗೋ ದೂರು ಕೊಡಬಹುದು. ತಡೆದು ನಿಲ್ಲಿಸಿ ಪರೀಕ್ಷೆ ಮಾಡಿದಾಗ ನಮ್ಮ ಅನುಮಾನ ಸುಳ್ಳಾದರೆ ಅದರ ಬೆಲೆ ತೆರುವುದು ರೋಗಿ.

ದೀಪ ಯಾರಿಗೆ ಸೇರಿದ್ದು?

ನಮ್ಮಲ್ಲಿ ಮಂತ್ರಿಯಾಗುವುದಕ್ಕೆ “ಗೂಟದ ಕಾರು ಸಿಕ್ಕಿತು” ಎನ್ನುವ ಮಾತೇ ಇತ್ತು. ಕಾರಿನ ನೆತ್ತಿಯ ಮೇಲಿನ ಕೆಂಪು ದೀಪವೇ ಆ ಗೂಟ. ತುರ್ತಿಗೆ ಮೀಸಲಾಗಬೇಕಾದ ದೀಪ ಅಧಿಕಾರದ ಗುರುತಾಗಿಬಿಟ್ಟಿತ್ತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಉತ್ತರ ಪ್ರದೇಶದ ಅಭಯ್ ಸಿಂಗ್ ಪ್ರಕರಣದಲ್ಲಿ ಈ ಗೀಳನ್ನು ಕಟುವಾಗಿ ಟೀಕಿಸಿ, ಉನ್ನತ ಸಾಂವಿಧಾನಿಕ ಹುದ್ದೆಯವರಿಗೆ ಮಾತ್ರ ಕೆಂಪು ದೀಪ ಸಾಕು ಎಂದಿತು. ಕೇಂದ್ರ ಸಚಿವ ಸಂಪುಟ 2017ರ ಏಪ್ರಿಲ್ 19ರಂದು ಇನ್ನೂ ಮುಂದೆ ಹೋಗಿ, ಗಣ್ಯರ ಕಾರುಗಳ ದೀಪವನ್ನು ಪೂರ್ತಿ ತೆಗೆಯಲು ತೀರ್ಮಾನಿಸಿತು. ಅದು ಮೇ 1ರಿಂದ ಜಾರಿಗೆ ಬಂತು. ರಾಷ್ಟ್ರಪತಿ, ಪ್ರಧಾನಿಯಿಂದ ಹಿಡಿದು ಶಾಸಕರು, ಅಧಿಕಾರಿಗಳವರೆಗೆ ಯಾರಿಗೂ ಈಗ ಗೂಟವಿಲ್ಲ. “ಶಾಸಕರಿಗೆ, ಜಿಲ್ಲಾಧಿಕಾರಿಗೆ ಇನ್ನೂ ಅವಕಾಶ ಇದೆ” ಎನ್ನುವ ಫಾರ್ವರ್ಡ್ ಬಂದರೆ ಅದು ಹಳೆಯ ಕಾಲದ ಮಾತು.

ಈ ವಿಷಯವನ್ನು ನೋಡಿಕೊಳ್ಳುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮ. ಆಂಬುಲೆನ್ಸ್ ಸಂಖ್ಯೆಯೂ 108, ನಿಯಮದ ಸಂಖ್ಯೆಯೂ 108. ಇದು ಬರೀ ಕಾಕತಾಳೀಯ. ಕೆಂಪು, ನೀಲಿ, ಬಿಳಿ ಬಣ್ಣಗಳ ಬಹುವರ್ಣ ದೀಪವನ್ನು ಈ ನಿಯಮ ಮೂರು ಬಗೆಯ ಕೆಲಸಕ್ಕೆ ಗೊತ್ತುಮಾಡಿದ ವಾಹನಗಳಿಗೆ ಮಾತ್ರ ಬಿಟ್ಟುಕೊಡುತ್ತದೆ: ಬೆಂಕಿ ಆರಿಸುವುದು; ಪೊಲೀಸರು, ಸೇನೆ, ಅರೆಸೇನಾ ಪಡೆಗಳು ಕಾನೂನು ಸುವ್ಯವಸ್ಥೆ ಕಾಯುವುದು; ಪ್ರವಾಹ, ಭೂಕಂಪ, ಭೂಕುಸಿತ, ರಾಸಾಯನಿಕ ಅವಘಡದಂಥ ವಿಪತ್ತು ನಿರ್ವಹಿಸುವುದು. ಆ ವಾಹನಗಳೂ ತುರ್ತು ಕೆಲಸದಲ್ಲಿ ಇದ್ದಾಗ ಮಾತ್ರ ದೀಪ ಉರಿಸಬೇಕು. ರೋಗಿಗಳನ್ನು ಸಾಗಿಸುವ ಆಂಬುಲೆನ್ಸ್‌ಗೆ ಇದೇ ನಿಯಮದಲ್ಲಿ ಬೇರೆ ಅವಕಾಶವಿದೆ. ಅಲ್ಲಿ ಬರೆದಿರುವುದು ನೇರಳೆ ಗಾಜಿನೊಳಗೆ ಮಿನುಗುವ ಕೆಂಪು ದೀಪ ಎಂದು. ರಸ್ತೆಯಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಕೆಂಪು, ನೀಲಿ ದೀಪಗಳೇ. ಬಣ್ಣ ನೋಡಿ ಒಳಗಿನ ರೋಗಿಯ ಸ್ಥಿತಿ ಹೇಳುವ ಸಂಕೇತ ನಿಯಮದಲ್ಲಿ ಎಲ್ಲೂ ಇಲ್ಲ.

ಕ್ರೇನ್, ರಸ್ತೆ ದುರಸ್ತಿ ಗಾಡಿಗಳ ಮೇಲೆ ತಿರುಗುವ ಹಳದಿ ದೀಪದ ಅರ್ಥ ಬೇರೆ. ಅದು “ದಾರಿ ಬಿಡಿ” ಎನ್ನುವುದಿಲ್ಲ, “ನಿಧಾನ, ಹುಷಾರು” ಎನ್ನುತ್ತದೆ.

ಗೂಟ ಹೋಗಿ ಒಂದೂವರೆ ತಿಂಗಳಲ್ಲೇ ಬೆಂಗಳೂರಿನಲ್ಲಿ ಈ ಬದಲಾವಣೆಯ ಅರ್ಥ ತಿಳಿಸುವ ಘಟನೆಯೊಂದು ನಡೆಯಿತು. 2017ರ ಜೂನ್ 17ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಮೆಟ್ರೊ ಉದ್ಘಾಟನೆಗೆ ಬಂದಿದ್ದರು. ಅವರ ವಾಹನ ಸಾಲು ಟ್ರಿನಿಟಿ ಸರ್ಕಲ್ ಕಡೆ ಬರುತ್ತಿದ್ದಾಗ ವಾಹನಗಳ ನಡುವೆ ಆಂಬುಲೆನ್ಸ್ ಒಂದು ಸಿಕ್ಕಿಕೊಂಡಿತ್ತು. ಕರ್ತವ್ಯದಲ್ಲಿದ್ದ ಸಂಚಾರ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಎಂ.ಎಲ್. ನಿಜಲಿಂಗಪ್ಪ ರಾಷ್ಟ್ರಪತಿಗಳ ಸಾಲನ್ನು ತಡೆದು ಆಂಬುಲೆನ್ಸನ್ನು ಮೊದಲು ಬಿಟ್ಟರು. ಇಲಾಖೆ ಅವರಿಗೆ ಬಹುಮಾನ ಕೊಟ್ಟಿತು.

ಮಿನುಗುವುದು ಏಕೆ? ಎರಡು ಬಣ್ಣ ಏಕೆ?

ಸುಮ್ಮನೆ ಉರಿಯುವ ದೀಪಕ್ಕೆ ನಮ್ಮ ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ. ಹತ್ತಿ ಆರುವ ದೀಪಕ್ಕೆ ಒಗ್ಗಿಕೊಳ್ಳುವುದು ಕಷ್ಟ. ನೇರವಾಗಿ ನೋಡದಿದ್ದರೂ ಕಣ್ಣಂಚಿಗೆ ಬಿದ್ದ ಮಿನುಗು ಗಮನ ಸೆಳೆಯುತ್ತದೆ. ಕನ್ನಡಿಯ ಮೂಲೆಯಲ್ಲಿ ಹೊಳೆದ ದೀಪಕ್ಕೆ ಚಾಲಕರ ತಲೆ ತಾನಾಗಿ ತಿರುಗುವುದು ಇದರಿಂದಲೇ.

ಹಗಲಲ್ಲಿ ನಮ್ಮ ಕಣ್ಣಿಗೆ ಸುಮಾರು 555 ನ್ಯಾನೋಮೀಟರ್ ತರಂಗದ ಹಳದಿ-ಹಸಿರು ಬೆಳಕು ಹೆಚ್ಚು ಪ್ರಖರವಾಗಿ ಕಾಣುತ್ತದೆ. ಕತ್ತಲಾದಂತೆ ಈ ತುದಿ ನೀಲಿಯ ಕಡೆಗೆ, ಸುಮಾರು 507 ನ್ಯಾನೋಮೀಟರ್‌ಗೆ ಸರಿಯುತ್ತದೆ. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಕಪ್ಪಿಟ್ಟಂತೆ ಕಂಡು, ನೀಲಿ ಶಂಖಪುಷ್ಪ ಇನ್ನೂ ಕಾಣುವುದು ಇದೇ ಕಾರಣಕ್ಕೆ. ಅಂದರೆ ಕತ್ತಲಲ್ಲಿ ನೀಲಿಗೆ ಅನುಕೂಲ. ಆದರೆ ಕೆಂಪು ಎಂದರೆ ಅಪಾಯ ಎನ್ನುವುದು ನಮ್ಮ ಮನಸ್ಸಿನಲ್ಲಿ ಊರಿದೆ. ಎರಡೂ ಸೇರಿದರೆ ಹಗಲು ರಾತ್ರಿ ಎರಡಕ್ಕೂ ಆಗುತ್ತದೆ. ಜರ್ಮನಿ, ಬ್ರಿಟನ್‌ನಲ್ಲಿ ತುರ್ತು ವಾಹನಕ್ಕೆ ನೀಲಿ ದೀಪವೇ ರೂಢಿ. ಬಣ್ಣ ಆಯಾ ದೇಶದ ಒಪ್ಪಂದ ಅಷ್ಟೇ.

“ಕೆಂಪು ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ” ಎನ್ನುವ ಮಾತೂ ಇದೆ. ತಿಳಿಯಾದ ಗಾಳಿಯಲ್ಲಿ ಕೆಂಪು ಕಡಿಮೆ ಚದುರುತ್ತದೆ, ಅದು ನಿಜ. ಆದರೆ ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಚಳಿಗಾಲದ ಬೆಳಗ್ಗೆ ಕೆರೆಯ ಏರಿ, ನಾಲೆಯ ದಂಡೆಯ ರಸ್ತೆಗಳಲ್ಲಿ ಮಂಜು ಕವಿದಾಗ ಯಾವ ಬಣ್ಣದ ದೀಪವನ್ನೂ ನಂಬಿಕೊಂಡು ವೇಗವಾಗಿ ಹೋಗಬಾರದು.

ಸೈರನ್ ಇದ್ದ ಮೇಲೆ ದೀಪ ಏಕೆ ಬೇಕು? ಕಾರಿನ ಗಾಜು ಏರಿಸಿ ಎಸಿ ಹಾಕಿದರೆ ಸೈರನ್ ಹತ್ತಿರ ಬರುವವರೆಗೆ ಕೇಳದಿರಬಹುದು. ಕಬ್ಬು ತುಂಬಿದ ಟ್ರ್ಯಾಕ್ಟರ್‌ನಲ್ಲಿ ಇಂಜಿನ್ ಸದ್ದು, ಮೇಲಿಂದ ಜೋರಾದ ಹಾಡು. ಕೇಳಿದರೂ ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ. ನೇರ ರಸ್ತೆಯಲ್ಲಿ ದೀಪ ಅರ್ಧ ಕಿಲೋಮೀಟರ್ ಹಿಂದಿನಿಂದಲೇ ಕಂಡರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಆಂಬುಲೆನ್ಸ್ ನಿಂತ ವಾಹನವನ್ನು ಮುಟ್ಟಲು 30 ಸೆಕೆಂಡ್ ಬೇಕು. ಒತ್ತಲು ಆ 30 ಸೆಕೆಂಡ್ ಧಾರಾಳ.

ಅಂಗಡಿಯಲ್ಲಿ ಸಿಗುವ ದೀಪ ಹಾಕಿಸಿದರೆ ಏನಾಗುತ್ತದೆ?

ಕೆಂಪು-ನೀಲಿ ಎಲ್‌ಇಡಿ ಪಟ್ಟಿಗಳು ಬಿಡಿಭಾಗದ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸುಲಭವಾಗಿ ಸಿಗುತ್ತವೆ. ಜೀಪಿನ ಗ್ರಿಲ್‌ಗೆ, ಬೈಕಿಗೆ, ಟ್ರ್ಯಾಕ್ಟರ್‌ಗೆ ಅಂದಕ್ಕೆಂದು ಹಾಕಿಸುವವರಿದ್ದಾರೆ. ಮಾರಾಟಕ್ಕೆ ಇದೆ ಎಂದ ಮಾತ್ರಕ್ಕೆ ರಸ್ತೆಯಲ್ಲಿ ಉರಿಸಲು ಅನುಮತಿ ಇದೆ ಎಂದಲ್ಲ. ಸೈರನ್‌ನಂಥ ಬಹುಸ್ವರದ ಹಾರ್ನ್ ಕೂಡ 119ನೇ ನಿಯಮದ ಪ್ರಕಾರ ಖಾಸಗಿ ವಾಹನಕ್ಕೆ ನಿಷಿದ್ಧ.

ಎದುರಿನವರ ಕಣ್ಣು ಕುಕ್ಕುವುದು ಒಂದು ತೊಂದರೆ. ದೊಡ್ಡ ತೊಂದರೆ ನಂಬಿಕೆಯದ್ದು. ಹತ್ತು ಸಲ ಹಿಂದೆ ತಿರುಗಿ ನೋಡಿದಾಗ ಯಾರದೋ ಅಲಂಕಾರದ ಜೀಪು ಕಂಡರೆ, ಹನ್ನೊಂದನೇ ಸಲ ಯಾರೂ ತಿರುಗಿ ನೋಡುವುದಿಲ್ಲ. “ತೋಳ ಬಂತು ತೋಳ” ಕತೆ ನಮಗೆಲ್ಲ ಗೊತ್ತಲ್ಲ. ಆ ಹನ್ನೊಂದನೆಯದು ಆಂಬುಲೆನ್ಸ್ ಆಗಿರಬಹುದು.

ಮನೆಯ ಕಾರಿನಲ್ಲೇ ರೋಗಿಯನ್ನು ಕರೆದೊಯ್ಯಬೇಕಾಗಿ ಬಂದರೆ? ಕಾನೂನಿನ ಕಣ್ಣಿಗೆ ಅದು ತುರ್ತು ವಾಹನವಲ್ಲ. ಸಿಗ್ನಲ್ ದಾಟುವ, ವೇಗಮಿತಿ ಮೀರುವ ವಿನಾಯಿತಿ ಇಲ್ಲ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದೂ ಸರಿಯಲ್ಲ. ಅದು ಕೆಟ್ಟು ನಿಂತ ವಾಹನದ ಗುರುತು, ಮೇಲಾಗಿ ನೀವು ಯಾವ ಕಡೆ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. 108ಕ್ಕೋ 112ಕ್ಕೋ ಕರೆ ಮಾಡಿ, ದಾರಿಯಲ್ಲಿ ಆಂಬುಲೆನ್ಸ್ ಎದುರಾಗುವಂತೆ ಕೇಳಬಹುದು.

ದಾರಿ ಬಿಡದಿದ್ದರೆ ಶಿಕ್ಷೆ ಏನು?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನ ಪ್ರಕಾರ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಮೊದಲಾದ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಇದು 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ತುರ್ತು ವಾಹನಗಳೇ ಒಂದಕ್ಕೊಂದು ಎದುರಾದರೆ? 2017ರ ವಾಹನ ಚಾಲನಾ ನಿಬಂಧನೆಗಳಲ್ಲಿ ಅದಕ್ಕೂ ಕ್ರಮವಿದೆ: ಮೊದಲು ಅಗ್ನಿಶಾಮಕ, ಆಮೇಲೆ ಆಂಬುಲೆನ್ಸ್, ಆಮೇಲೆ ಪೊಲೀಸ್. ಈ ಸೀಮೆಯವರಿಗೆ ಇದು ಪುಸ್ತಕದ ಮಾತಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ ವಿಶ್ವೇಶ್ವರಯ್ಯ ನಾಲೆಗೆ ಉರುಳಿ, ಶಾಲಾ ಮಕ್ಕಳೂ ಸೇರಿ 30 ಮಂದಿ ತೀರಿಕೊಂಡರು. ಅಂಥ ಹೊತ್ತಿನಲ್ಲಿ ಮೂರೂ ಬಗೆಯ ವಾಹನ ಒಂದೇ ಕಿರಿದಾದ ರಸ್ತೆಗೆ ಬರಬೇಕಾಗುತ್ತದೆ. ನೋಡಲು ಹೋದವರು ರಸ್ತೆ ಬದಿ ನಿಲ್ಲಿಸಿದ ಬೈಕು, ಕಾರುಗಳೂ ಆಗ ಅಡ್ಡಿಯೇ.

ಅದೇ ನಿಬಂಧನೆಗಳು ತುರ್ತು ವಾಹನದ ಚಾಲಕರಿಗೆ ಕೆಂಪು ಸಿಗ್ನಲ್ ದಾಟುವ, ವೇಗಮಿತಿ ಮೀರುವ ಅವಕಾಶ ಕೊಡುತ್ತವೆ. ಆದರೆ ಜೀವ ಉಳಿಸುವಂಥ ತುರ್ತು ಇದ್ದಾಗ ಮಾತ್ರ, ಅದೂ ಎಚ್ಚರಿಕೆಯಿಂದ. ಆಂಬುಲೆನ್ಸ್‌ಗೆ ಜಾಗ ಕೊಡಲು ಹೋಗಿ ನೀವು ಸಿಗ್ನಲ್ ಗೆರೆ ದಾಟಿ ಕ್ಯಾಮೆರಾದಲ್ಲಿ ದಂಡ ಬಿದ್ದರೆ? ಅಂಥ ದಂಡವನ್ನು ಪರಿಶೀಲಿಸಿ ಕೈಬಿಡುವುದಾಗಿ ಬೆಂಗಳೂರು ಸಂಚಾರ ಪೊಲೀಸರು ಹೇಳಿದ್ದಾರೆ.

ಕಿರಿದಾದ ರಸ್ತೆಯಲ್ಲಿ ದಾರಿ ಬಿಡುವುದು ಹೇಗೆ?

ತೊಣ್ಣೂರು ಕೆರೆ ನೋಡಲು ರಜೆಯ ದಿನ ಬರುವ ಕಾರುಗಳಿರಲಿ, ಕಬ್ಬಿನ ಗಾಡಿಗಳಿರಲಿ, ಮೇಲುಕೋಟೆ ವೈರಮುಡಿಯ ಜನಸಂದಣಿಯಿರಲಿ, ಈ ಕ್ರಮ ಎಲ್ಲರಿಗೂ ಒಂದೇ.

1. ದೀಪ ಕಂಡೊಡನೆ ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಎಡ ಇಂಡಿಕೇಟರ್ ಹಾಕಿ, ವೇಗ ತಗ್ಗಿಸಿ, ಎಡಕ್ಕೆ ಒತ್ತಿ. ರಸ್ತೆ ಕಿರಿದಾಗಿದ್ದರೆ ಪೂರ್ತಿ ನಿಲ್ಲಿಸಿ.

2. ತಿರುವು, ಮೋರಿ, ಸೇತುವೆಯ ಮೇಲೆ ನಿಲ್ಲಬೇಡಿ. ಸ್ವಲ್ಪ ಮುಂದೆ ಹೋಗಿ ಅಗಲ ಜಾಗದಲ್ಲಿ ಬಿಡಿ. ಲೋಡ್ ತುಂಬಿದ ಟ್ರೈಲರನ್ನು ಮೆತ್ತನೆ ಮಣ್ಣಿಗೆ ಇಳಿಸಿದರೆ ಮಗುಚಬಹುದು.

3. ಎದುರಿನಿಂದ ಬರುವವರೂ ಒತ್ತಿ ನಿಲ್ಲಬೇಕು. ನೀವು ಮಾತ್ರ ಒತ್ತಿದರೆ ಅರ್ಧ ಕೆಲಸವಾದಂತೆ.

4. ಆಂಬುಲೆನ್ಸ್ ಹಿಂದೆಯೇ ನುಗ್ಗಬೇಡಿ. ಅದರ ಹಿಂದೆ ಇನ್ನೊಂದು ತುರ್ತು ವಾಹನ ಬರುತ್ತಿರಬಹುದು. ಅದು ತಟ್ಟನೆ ನಿಂತರೆ ನೀವು ಹೋಗಿ ಗುದ್ದುತ್ತೀರಿ.

5. ಮೆರವಣಿಗೆ, ಮದುವೆ ದಿಬ್ಬಣದಲ್ಲಿ ಒಬ್ಬರನ್ನಾದರೂ ಹಿಂದೆ ನೋಡುತ್ತಿರಲು ನೇಮಿಸಿ.

ಒಂದು ಲೆಕ್ಕ ನೋಡಿ. ಆಸ್ಪತ್ರೆಗೆ 40 ಕಿ.ಮೀ. ದೂರ. ಆಂಬುಲೆನ್ಸ್ ಸರಾಸರಿ 50 ಕಿ.ಮೀ. ವೇಗದಲ್ಲಿ ಹೋದರೆ 48 ನಿಮಿಷ. ದಾರಿಯಲ್ಲಿ 10 ಕಡೆ ಒಂದೊಂದು ನಿಮಿಷ ನಿಂತರೆ 58 ನಿಮಿಷ. ಹೋದ ಆ 10 ನಿಮಿಷವನ್ನು ವೇಗದಿಂದಲೇ ಗಳಿಸಬೇಕಾದರೆ ಚಾಲಕರು ಉಳಿದ ದಾರಿಯಲ್ಲಿ ಸರಾಸರಿ 63 ಕಿ.ಮೀ.ಗೂ ಹೆಚ್ಚು ಓಡಿಸಬೇಕು. ಹಳ್ಳಿಗಳ ನಡುವಿನ ರಸ್ತೆಯಲ್ಲಿ ಅದು ಒಳಗಿರುವವರಿಗೂ ಹೊರಗಿರುವವರಿಗೂ ಅಪಾಯ. ನಾವು ಒಂದು ನಿಮಿಷ ಮೊದಲೇ ಒತ್ತಿದರೆ ಆ ಅಪಾಯವಿಲ್ಲದೆಯೇ ಅಷ್ಟು ಸಮಯ ಉಳಿಯುತ್ತದೆ.

ಇದು ಆಗದ ಮಾತೇನಲ್ಲ. 2020ರ ಫೆಬ್ರುವರಿ 6ರಂದು 40 ದಿನದ ಮಗುವನ್ನು ಹೃದಯದ ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸ್ ನಾಲ್ಕೂವರೆ ಗಂಟೆಯೊಳಗೆ ತಲುಪಿಸಿತು. ಪೊಲೀಸರ ಜೊತೆಗೆ ಊರೂರಿನ ಜನರೂ ನಿಂತು ದಾರಿ ಮಾಡಿಕೊಟ್ಟಿದ್ದರು. ಆ ದಿನ ಸುದ್ದಿ ಹರಡಲು ನೆರವಾಗಿದ್ದೂ ಮೊಬೈಲ್ ಸಂದೇಶಗಳೇ.

ಹಾಗಾಗಿ “ಖಾಲಿ ಆಂಬುಲೆನ್ಸ್‌ಗೆ ದಾರಿ ಬಿಡಬೇಡಿ” ಎನ್ನುವ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಬದಲು ಈ ಉತ್ತರ ಹಾಕಿ: “ಖಾಲಿ ಹೋಗುತ್ತಿದೆ ಎಂದರೆ ಎಲ್ಲೋ ಒಬ್ಬರು ಅದಕ್ಕಾಗಿ ಕಾಯುತ್ತಿರಬಹುದು. ಒತ್ತಿ ನಿಲ್ಲಿ.”