ರಾತ್ರಿ ಫೋಟೋದಲ್ಲಿ ಕಪ್ಪು ಪಟ್ಟಿ ಯಾಕೆ?

ಚರ್ಚ್ ಸ್ಟ್ರೀಟ್‌ನಲ್ಲಿ ರಾತ್ರಿ ಯಾರೋ ಗಿಟಾರ್ ಹಿಡಿದು ಹಾಡ್ತಿದ್ದಾರೆ.
ಫೋಟೋ ತೆಗೆದ್ರಿ.
ಮುಖದ ಮೇಲೆ ಕಪ್ಪು ಪಟ್ಟಿ!
ಎಲ್ಲಿಂದ ಬಂತು?

ಅಂಗಡಿಗಳ ಎಲ್‌ಇಡಿಯಿಂದ.
ನಮ್ಮ ಕರೆಂಟು 50 ಹರ್ಟ್ಸ್.
ಹಾಗಾಗಿ ಎಷ್ಟೋ ದೀಪಗಳು
ಮಿಂಚುಹುಳದ ಹಾಗೆ ಮಿನುಗ್ತಾನೇ ಇರುತ್ವೆ,
ಸೆಕೆಂಡಿಗೆ 100 ಸಲ!
ಕಣ್ಣಿಗೆ ಕಾಣಲ್ಲ.
ಕ್ಯಾಮೆರಾ ಬಿಡಲ್ಲ.

ಶಟರ್ 1/100ಕ್ಕೆ ಇಡಿ.
ಪಟ್ಟಿ ಹೆಚ್ಚುಕಮ್ಮಿ ಮಾಯ.

ತಂತಿ ಮೀಟೋ ಬೆರಳು ಸ್ವಲ್ಪ ಮಸುಕಾಗುತ್ತೆ.
ಆಗಲಿ ಬಿಡಿ,
ನನಗಂತೂ ಅದೇ ಇಷ್ಟ.
ಹಾಡು ಇರೋದೇ ಆ ಬೆರಳಲ್ಲಿ.

ಮುಖ ಮಾತ್ರ ಅಲುಗಬಾರದು.
ಸಾಲು ಮುಗಿಸಿ ಉಸಿರು ತಗೊಳ್ತಾರಲ್ಲ,
ಆಗ ಕ್ಲಿಕ್ ಮಾಡಿ.

ಬೆಳಕು ಸಾಲದಿದ್ರೆ ಐಎಸ್‌ಒ 3200ಕ್ಕೆ ಏರಿಸಿ.
ಫ್ಲ್ಯಾಶ್ ಬೇಡವೇ ಬೇಡ,
ಹಾಡೋರ ಕಣ್ಣಿಗೆ ಹೊಡೆಯುತ್ತೆ.

ತೆಗೆಯೋ ಮೊದಲು ಅವರನ್ನ ಕೇಳಿ.
ಗಿಟಾರ್ ಪೆಟ್ಟಿಗೆಗೆ ಕೈಲಾದಷ್ಟು ಹಾಕಿ.
ಚೆನ್ನಾಗಿ ಬಂದ ಫೋಟೋ ಅವರಿಗೂ ಕಳಿಸಿ.