ಎಣಿಕೆಗೆ ಬಾರದ ನೋವು

ರಾಯಚೂರು ನಗರದಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರಿನ ಹಾದಿ. ದೇವದುರ್ಗ, ಮಾನ್ವಿಗಳ ಕೂಲಿಯ ಹೆಂಗಸಿಗೆ ಆ ಹಾದಿಯು ದಿನಗೂಲಿಯ ನಷ್ಟದಿಂದಲೂ ಮಕ್ಕಳ ಚಿಂತೆಯಿಂದಲೂ ಇಮ್ಮಡಿಯಾಗುವುದು. ಬಾಯೊಳಗಿನ ಹುಣ್ಣಾಗಲಿ ಎದೆಯ ಗಂಟಾಗಲಿ ಆರಂಭದಲ್ಲಿ ಬಹುಧಾ ನೋಯದು. ನೋವು ಕಂಡು ವೈದ್ಯರನ್ನು ಸೇರುವಷ್ಟರಲ್ಲಿ ಕ್ಯಾನ್ಸರು ಕೈಮೀರಿರುವುದುಂಟು. ಇದನ್ನು ಹಣೆಬರಹವೆಂದು ಬಿಡುವುದು ಪ್ರಜಾರಾಜ್ಯಕ್ಕೆ ಒಪ್ಪತಕ್ಕ ಮಾತಲ್ಲ.

1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯು ಸ್ಥಾಪಿತವಾಯಿತು. 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ಗಣತಿಯು ಅಲ್ಲಿ ನಡೆಯಿತು. ಸ್ತುತ್ಯವಾದ ಕಾರ್ಯವೇ ಸರಿ. ಆದರೆ ರಾಜಧಾನಿಯ ಅಂಕಿಯು ಹತ್ತಿಯ ಹೊಲದಲ್ಲಿ ದುಡಿಯುವವಳ ಪಾಡನ್ನು ಹೇಳಲಾರದು. 2002ರಲ್ಲಿ ನಂಜುಂಡಪ್ಪ ಸಮಿತಿಯು ದೇವದುರ್ಗ, ಮಾನ್ವಿಗಳೆರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿರಿಸಿತಷ್ಟೆ. ಬಡತನಕ್ಕೂ ತಡವಾದ ಚಿಕಿತ್ಸೆಗೂ ಇರುವ ನಂಟನ್ನು ಊರೂರು ತಿರುಗಿ ಅರಿಯದೆ ಔಷಧವನ್ನು ನಿರ್ಣಯಿಸುವುದೆಂತು?

ಗ್ರಾಮಗಳಲ್ಲಿ ಇಂತಹ ಸಂಶೋಧನೆ ಅಸಾಧ್ಯವೆಂಬವರು ಉಸ್ಮಾನಾಬಾದಿನತ್ತ ನೋಡಲಿ. ಇಂದು ಧಾರಾಶಿವವೆನಿಸಿದ ಆ ಜಿಲ್ಲೆಯು 1956ರವರೆಗೆ ನಮ್ಮೊಡನೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತು. ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನು ಒಳಗೊಂಡ ಅಧ್ಯಯನದ ಫಲವು 2009ರಲ್ಲಿ ಪ್ರಕಟವಾಯಿತು. ಎಚ್.ಪಿ.ವಿ. ವೈರಾಣುವಿನ ಒಂದೇ ಸಲದ ಪರೀಕ್ಷೆಯು ಗರ್ಭಕಂಠದ ಕ್ಯಾನ್ಸರಿನ ಮರಣಗಳನ್ನು ಸರಿಸುಮಾರು ಅರ್ಧಕ್ಕಿಳಿಸಿತೆಂದು ಸಿದ್ಧವಾಯಿತು. ಮಾದರಿಗಳನ್ನು ಸಂಗ್ರಹಿಸಿದವರು ತರಬೇತಿ ಹೊಂದಿದ ದಾದಿಯರೇ. ಪರೀಕ್ಷೆಯಿಲ್ಲದ ಗುಂಪೊಂದನ್ನು ಇರಿಸಿದುದು ನ್ಯಾಯವೇ ಎಂಬ ಆಕ್ಷೇಪವೂ ಮುಂದೆ ಎದ್ದಿತು. ಪರೀಕ್ಷೆಗೆ ಒಳಗಾಗುವ ಜನರ ಮಾತು ಬಲ್ಲವರು ಸಂಶೋಧಕರ ಪಂಕ್ತಿಯಲ್ಲಿರಬೇಕೆಂಬುದಕ್ಕೆ ಇದೇ ಸಾಕ್ಷಿ.

ಕನ್ನಡ, ತೆಲುಗು, ಉರ್ದು, ಲಂಬಾಣಿ ನುಡಿಗಳು ಬೆರೆತ ನಾಡು ನಮ್ಮದು. ಪರವೂರಿನ ವಿದ್ವಾಂಸನಿಗೆ ಹೇಳಲು ನಾಚುವ ತಾಂಡಾದ ತಾಯಿಯು ತನ್ನ ನುಡಿಯಾಡುವ ಹುಡುಗಿಗೆ ಹೇಳಿಯಾಳು. 2007ರಿಂದ ರಾಯಚೂರಿನಲ್ಲಿ ಸರಕಾರದ ವೈದ್ಯಕೀಯ ವಿದ್ಯಾಲಯವಿದೆ. 2013ರಿಂದ ಸಂವಿಧಾನದ 371(ಜೆ) ವಿಧಿಯು ನಮ್ಮ ಮಕ್ಕಳಿಗೆ ವಿದ್ಯಾಲಯಗಳಲ್ಲಿ ಸ್ಥಾನಗಳನ್ನು ಮೀಸಲಿರಿಸಿದೆ. ಆದರೆ ಸ್ಥಾನಮಾತ್ರದಿಂದ ಸಂಶೋಧಕನು ಹುಟ್ಟನು. ವೇತನ ಬೇಕು, ಗುರು ಬೇಕು, ನಾಲ್ಕಾರು ವರ್ಷಗಳ ಬಿಡುವು ಬೇಕು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ರಸ್ತೆ, ಕಟ್ಟಡಗಳಿಗೆ ಹಣವೀಯುತ್ತಿದೆ. ಅದರಲ್ಲೊಂದು ಪಾಲನ್ನು ಈ ತಾಲ್ಲೂಕುಗಳ ತರುಣ ತರುಣಿಯರ ತರಬೇತಿಗೂ, ಅವರು ಕೈಗೊಳ್ಳುವ ಅಧ್ಯಯನಕ್ಕೂ ಮುಡಿಪಾಗಿಡಲೆಂದು ನಾವು ಆಗ್ರಹಪಡಿಸುತ್ತೇವೆ. ಎಣಿಕೆಗೆ ಬಾರದವರ ಪಾಲು ಹಂಚಿಕೆಯಲ್ಲಿಯೂ ಬಾರದು. ಅಧಿಕಾರಿಗಳು ಇದನ್ನು ಮನಗಾಣಲಿ.